ಮೊದಲು ಪಂಪು, ಆಮೇಲೆ ಚಾವಣಿ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಸುಮಾರು ನಲವತ್ತು ಮನೆಗಳ ಊರು. ಹೆಚ್ಚಿನವರದು ಐದರಿಂದ ಹದಿನೈದು ಎಕರೆಯ ರೊಬಸ್ಟಾ ಕಾಫಿ ತೋಟ. ಪೆಟ್ರೋಲ್, ಡೀಸೆಲ್, ಗ್ಯಾಸ್ ಇವುಗಳ ಮೇಲಿನ ಅವಲಂಬನೆಯನ್ನು ಊರೆಲ್ಲ ಸೇರಿ ತಗ್ಗಿಸಬೇಕೆಂದು ಯುವಕ ಸಂಘ ಮತ್ತು ಸ್ವಸಹಾಯ ಸಂಘದವರು ಸಭೆ ನಡೆಸಿದೆವು. ಪ್ರತಿ ಮನೆಗೂ ಸಬ್ಸಿಡಿಯಲ್ಲಿ ಸೋಲಾರ್ ಹಾಕಿಸೋಣ ಎಂದರು ಕೆಲವರು. ಊರಿನ ತೋಡಿಗೆ (ಹಳ್ಳಕ್ಕೆ) ಸಣ್ಣ ಟರ್ಬೈನ್ ಕೂರಿಸೋಣ ಎಂದರು ಇನ್ನು ಕೆಲವರು. ಎಲ್ಲರಿಗೂ ಸೇರಿ ಒಂದು ವಿದ್ಯುತ್ ಪಿಕ್‌ಅಪ್ ಕೊಳ್ಳೋಣ ಎಂಬ ಮಾತೂ ಬಂತು. ಹಿರಿಯರೊಬ್ಬರು, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟೇ ಇರದ ಊರಿನಲ್ಲಿ ಇದೆಲ್ಲ ಮಕ್ಕಳಾಟ ಎಂದುಬಿಟ್ಟರು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮೂರೂ ಯೋಚನೆಗಳು ಒಳ್ಳೆಯವೇ, ಆದರೆ ಮೂರೂ ಯಂತ್ರ ಕೊಳ್ಳುವುದರಿಂದ ಶುರುವಾಗುತ್ತವೆ. ಊರಿನಲ್ಲಿ ಎಣ್ಣೆ ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ, ಎಷ್ಟು ಉರಿಯುತ್ತಿದೆ ಎಂಬ ಲೆಕ್ಕ ಯಾವುದರಲ್ಲೂ ಇಲ್ಲ. ಆ ಲೆಕ್ಕವನ್ನು ನಾನೇ ಅಂದಾಜಿನಲ್ಲಿ ಹಾಕಿ ತೋರಿಸುತ್ತೇನೆ. ನಿಮ್ಮ ಊರಿನ ಅಂಕಿಗಳನ್ನು ಅದರೊಳಗೆ ತುಂಬಿಕೊಳ್ಳಿ.

ರೊಬಸ್ಟಾ ಬೆಳೆಗಾರರಿಗೆ ಹೂಮಳೆಯ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಫೆಬ್ರುವರಿ-ಮಾರ್ಚ್‌ನಲ್ಲಿ ಆಕಾಶ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಒಂದೂವರೆ ಇಂಚು ಮಳೆಯಷ್ಟು ನೀರು ಕೊಡುತ್ತೀರಿ, ಎರಡು-ಮೂರು ವಾರ ಬಿಟ್ಟು ಬ್ಯಾಕಿಂಗ್‌ಗೆಂದು (ಅರಳಿದ ಹೂ ಕಾಯಿಕಟ್ಟಲೆಂದು) ಇನ್ನೊಂದು ಇಂಚು. ಒಂದು ಎಕರೆಗೆ ಒಂದೂವರೆ ಇಂಚು ಎಂದರೆ ಹೆಚ್ಚು ಕಡಿಮೆ 1.5 ಲಕ್ಷ ಲೀಟರ್ ನೀರು. ಹೊಳೆಯಿಂದ ತೋಟದ ನಡುವಿಗೆ 40 ಮೀಟರ್ ಎತ್ತರ, ಸ್ಪ್ರಿಂಕ್ಲರ್ ತಿರುಗಲು ಬೇಕಾದ ಒತ್ತಡಕ್ಕೆ 30 ಮೀಟರ್, ಪೈಪಿನೊಳಗಿನ ತಿಕ್ಕಾಟಕ್ಕೆ 10 ಮೀಟರ್ ಎಂದು ಹಿಡಿಯಿರಿ. ಒಟ್ಟು 80 ಮೀಟರ್ ಎತ್ತರಕ್ಕೆ ಆ ನೀರನ್ನು ಎತ್ತಿದಂತಾಯಿತು. ಸಾಧಾರಣ ಸ್ಥಿತಿಯಲ್ಲಿರುವ ಡೀಸೆಲ್ ಪಂಪು ಇದಕ್ಕೆ ಎಕರೆಗೆ ಸುಮಾರು 20 ಲೀಟರ್ ಕುಡಿಯುತ್ತದೆ. ಎರಡೂ ಸುತ್ತು ಸೇರಿಸಿದರೆ ಹತ್ತು ಎಕರೆಯ ತೋಟಕ್ಕೆ 300 ಲೀಟರ್ ಮೀರುತ್ತದೆ.

ಈಗ ಅಡುಗೆಮನೆಯ ಕಡೆ ನೋಡಿ. 14.2 ಕೆ.ಜಿ.ಯ ಒಂದು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆ.ಜಿ., ಆದ್ದರಿಂದ ಒಂದು ಎಕರೆಯ ಒಂದು ಸುತ್ತಿನ ನೀರಿಗೆ 54 ಕೆ.ಜಿ. ಒಂದು ಸಂಸಾರ ಒಂದು ಸಿಲಿಂಡರ್ ಮುಗಿಯುವವರೆಗೆ ಅಡುಗೆ ಮಾಡಿ ಉರಿಸುವುದಕ್ಕಿಂತ ಹೆಚ್ಚನ್ನು ಒಂದೆಕರೆ ತೋಟ ಒಂದೇ ಸರದಿಯಲ್ಲಿ ಉರಿಸುತ್ತದೆ. ಹೀಗಿರುವಾಗ ಸಭೆಯಲ್ಲಿ ಅಡುಗೆ ಗ್ಯಾಸ್ ಉಳಿಸುವ ಬಗ್ಗೆ ಹೆಂಗಸರಿಗೆ ಉಪದೇಶ ಕೊಡುವುದು, ಪಂಪಿನ ಬಗ್ಗೆ ಗಂಡಸರು ಸುಮ್ಮನಿರುವುದು ನ್ಯಾಯವಲ್ಲ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇನ್ನೂ ಸೌದೆಯ ಹೊಗೆ ಕುಡಿಯುತ್ತಿರುವವರಿಗೆ ಗ್ಯಾಸ್ ಸಿಗುವುದೇ ಒಂದು ಸುಧಾರಣೆ. ನಿಮ್ಮ ಯೋಜನೆಯ ಭಾರ ಅವರ ಮೇಲೆ ಬೀಳಬಾರದು.

ಡೀಸೆಲ್ ಪಂಪು ತೆಗೆದು ಕರೆಂಟಿನ ಮೋಟಾರು ಕೂರಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಜೇಬಿನ ಮಟ್ಟಿಗೆ ಹೌದು, ಉಳಿತಾಯ ದೊಡ್ಡದು. ಹೊಗೆಯ ಮಟ್ಟಿಗೆ ಅಷ್ಟು ಸಲೀಸಲ್ಲ. ಅದೇ ಕೆಲಸಕ್ಕೆ ಮೋಟಾರು ಸುಮಾರು 65 ಯೂನಿಟ್ ಕೇಳುತ್ತದೆ. ನಮ್ಮ ದೇಶದ ಜಾಲದಲ್ಲಿ ಹರಿಯುವ ವಿದ್ಯುತ್ತಿನ ಸರಾಸರಿ ಹಿಡಿದರೆ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ 46 ಕೆ.ಜಿ. ಡೀಸೆಲ್‌ಗಿಂತ ಆರನೆಯ ಒಂದು ಪಾಲಿನಷ್ಟು ಮಾತ್ರ ಕಡಿಮೆ. ಕರ್ನಾಟಕದಲ್ಲಿ ಬಿಸಿಲು ಮತ್ತು ಗಾಳಿಯ ವಿದ್ಯುತ್ತಿನ ಪಾಲು ದೊಡ್ಡದು, ಹಗಲಿನಲ್ಲಿ ಪಂಪು ಓಡಿಸಿದರೆ ಲೆಕ್ಕ ಇನ್ನಷ್ಟು ನಿಮ್ಮ ಕಡೆ ವಾಲುತ್ತದೆ. ರಾತ್ರಿ ಓಡಿಸಿದರೆ ರಾಯಚೂರು, ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲನ್ನು ನಾಪೋಕ್ಲಿನ ತೋಟಕ್ಕೆ ತಂದಂತೆ. ಆದ್ದರಿಂದ ಮೊದಲು ಪಂಪಿನ ಕೆಲಸವನ್ನೇ ಕಡಿಮೆ ಮಾಡಿ, ಇಂಧನ ಬದಲಿಸುವುದು ಆಮೇಲೆ. ಪಂಪಿನ ಕೆಲಸ ತಗ್ಗಿಸುವುದು ಒಬ್ಬೊಬ್ಬರಿಂದ ಆಗದು. ಊರು ಸೇರಬೇಕಾಗಿರುವುದು ಇಲ್ಲಿಯೇ.

ಪೈಪಿನಿಂದ ಶುರು ಮಾಡಿ. ಅಷ್ಟೇ ನೀರು 3 ಇಂಚಿನ ಪೈಪಿನ ಬದಲು 4 ಇಂಚಿನ ಪೈಪಿನಲ್ಲಿ ಹರಿದರೆ ತಿಕ್ಕಾಟದ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಪೈಪಿಗೆ ದುಡ್ಡು ಜಾಸ್ತಿ, ವರ್ಷದಲ್ಲಿ ಕೆಲವೇ ದಿನ ಬಳಕೆ, ಉಳಿದ ದಿನ ಶೆಡ್ಡಿನಲ್ಲಿ ಬಿದ್ದಿರುತ್ತದೆ. ಹಾಗಾಗಿಯೇ ಪ್ರತಿಯೊಬ್ಬರೂ ಸಣ್ಣ ಪೈಪು ಕೊಂಡು ದೊಡ್ಡ ಎಂಜಿನ್ ಕೂರಿಸುತ್ತಾರೆ. ನಾಲ್ಕು ಮನೆಗೆ ಒಂದರಂತೆ ಒಳ್ಳೆಯ ಪೈಪಿನ ಸೆಟ್ಟನ್ನು ನಿಮ್ಮ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕ ಕೊಂಡು ಸರದಿಯಲ್ಲಿ ಬಳಸಿ. ಜಗಳ ಬರುವುದು ಸರದಿಯಲ್ಲೇ. ಮೊಗ್ಗು ಬಲಿತ ವಾರದಲ್ಲಿ ಎಲ್ಲರಿಗೂ ನೀರು ಇವತ್ತೇ ಬೇಕು, ನಾಳೆ ಮಳೆ ಬಂದರೆ ಎರಡನೆಯವನಿಗೆ ಲಾಭ, ಮೊದಲನೆಯವನಿಗೆ ದಂಡ. ಸರದಿಯನ್ನು ಜನವರಿಯಲ್ಲೇ ಚೀಟಿ ಎತ್ತಿ ನಿಗದಿ ಮಾಡಿ, ಪ್ರತಿ ವರ್ಷ ತಿರುಗಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಹಿರಿಯರ ಮುಖ ನೋಡಿ ಬಾಯಿಮಾತಿನಲ್ಲಿ ಮುಗಿಸಿದ ಒಪ್ಪಂದ ಮೊದಲ ಬಿಸಿಲಿಗೇ ಮುರಿಯುತ್ತದೆ.

ಎರಡನೆಯದು ನೀರಿನ ಎತ್ತರ. ಮಳೆಗಾಲದಲ್ಲಿ ಊರಿನ ಮೇಲೆಯೇ ಸುರಿದು ಹೋಗುವ ನೀರನ್ನು ಬೇಸಿಗೆಯಲ್ಲಿ ಹೊಳೆಯ ತಳದಿಂದ ಮತ್ತೆ ಮೇಲಕ್ಕೆ ಎತ್ತುತ್ತೇವೆ. ತೋಟದ ಮಟ್ಟಕ್ಕೆ ಹತ್ತಿರದ ಕೆರೆಯಲ್ಲಿ ನೀರು ನಿಂತಿದ್ದರೆ ಆ 40 ಮೀಟರ್ ಎತ್ತರ ಐದು ಮೀಟರಿಗೆ ಇಳಿಯುತ್ತದೆ. ದೊಡ್ಡ ಪೈಪೂ ಸೇರಿದರೆ 80 ಮೀಟರಿನ ಕೆಲಸ 40ರ ಒಳಗೆ ಬರುತ್ತದೆ, ಎಕರೆಗೆ 20 ಲೀಟರ್ ಇದ್ದದ್ದು ಹತ್ತಕ್ಕಿಂತ ಕಡಿಮೆ. ಒಂದು ಪ್ಯಾನೆಲ್ಲೂ ಕೊಳ್ಳದೆ ಅರ್ಧ ಡೀಸೆಲ್ ಉಳಿಯಿತು. ಬೇಸಿಗೆಯಲ್ಲಿ ಸೊರಗಿದ ಕಾವೇರಿಗೆ ಸಾಲುಸಾಲಾಗಿ ಪಂಪು ಇಳಿಸುವುದೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಆದರೆ ಇಲ್ಲಿ ಕೊಡಗಿಗೇ ವಿಶೇಷವಾದ ಎಚ್ಚರಿಕೆ ಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತೆಂದು ನೋಡಿದ್ದೀರಿ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಕಡಿದಾದ ಇಳಿಜಾರನ್ನು ಜೆಸಿಬಿಯಲ್ಲಿ ಕೊರೆದು ಹೊಸ ಕೆರೆ ತೋಡುವುದು, ಲಕ್ಷಾಂತರ ಲೀಟರ್ ನೀರಿನ ಭಾರವನ್ನು ನೆನೆದ ಮಣ್ಣಿನ ಮೇಲೆ ಹೇರುವುದು ಡೀಸೆಲ್ ಉಳಿಸುವ ದಾರಿಯಲ್ಲ, ಊರನ್ನೇ ಪಣಕ್ಕಿಡುವ ದಾರಿ. ಇರುವ ಹಳೆಯ ಕೆರೆಗಳ ಹೂಳೆತ್ತಿ, ಸಮತಟ್ಟಾದ ಜಾಗದಲ್ಲಿ ಮಾತ್ರ ಹೊಸತನ್ನು ಯೋಚಿಸಿ, ಬೀಳುಬಿಟ್ಟ ಗದ್ದೆಗಳಲ್ಲಿ ನೀರು ನಿಲ್ಲಿಸಿ. ಒಂದು ಎಕರೆಯ ಎರಡೂ ಸುತ್ತಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಕೆರೆಯಷ್ಟು ನೀರು ಬೇಕು. ಇಡೀ ತೋಟಕ್ಕೆ ಸಾಲುವಷ್ಟು ಯಾರ ಬಳಿಯೂ ಜಾಗವಿರುವುದಿಲ್ಲ. ಅರ್ಧಕ್ಕೆ ಸಾಕಾದರೂ ಸರಿಯೇ.

ಮೂರನೆಯದಾಗಿ ವಿದ್ಯುತ್ ಸಂಪರ್ಕ. ಒಬ್ಬರೇ ಹೋಗಿ ಮೂರು ಫೇಸ್ ಸಂಪರ್ಕ ಕೇಳಿದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಖರ್ಚು ನೋಡಿ ಎದೆ ಒಡೆಯುತ್ತದೆ. ಎಂಟು-ಹತ್ತು ಜನ ಸೇರಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಒಟ್ಟಿಗೆ ಅರ್ಜಿ ಹಾಕಿದರೆ ಆ ಖರ್ಚು ಹಂಚಿಹೋಗುತ್ತದೆ. ಪಂಪುಗಳು ಸರದಿಯಲ್ಲಿ ಓಡುವುದರಿಂದ ಟ್ರಾನ್ಸ್‌ಫಾರ್ಮರ್ ಸಣ್ಣದಾದರೂ ನಡೆಯುತ್ತದೆ, ವೋಲ್ಟೇಜ್ ಬಿದ್ದು ಮೋಟಾರು ಸುಡುವುದೂ ತಪ್ಪುತ್ತದೆ. ಸರದಿಯ ಪುಸ್ತಕ ಇಲ್ಲಿ ಎರಡನೆಯ ಸಲ ಉಪಯೋಗಕ್ಕೆ ಬಂತು.

ಸೋಲಾರ್ ಪಂಪಿನ ಬಗ್ಗೆಯೂ ಕೇಳುವವರಿದ್ದಾರೆ. ಪಿಎಂ-ಕುಸುಮ್ ಯೋಜನೆಯ ಸಹಾಯಧನ 7.5 ಅಶ್ವಶಕ್ತಿಯವರೆಗಿನ ಪಂಪಿನ ಲೆಕ್ಕದಲ್ಲಿದೆ. ಬಯಲುಸೀಮೆಯಲ್ಲಿ ವರ್ಷವಿಡೀ ತರಕಾರಿ ಬೆಳೆಯುವವರಿಗೆ ಅದು ವರ. ನಿಮಗೆ ಬೇಕಾಗಿರುವುದು ಕೆಲವೇ ವಾರ ಬಹಳ ದೊಡ್ಡ ಶಕ್ತಿ. ಉಳಿದ ಹತ್ತು ತಿಂಗಳು ಪ್ಯಾನೆಲ್ ಬಿಸಿಲು ಕಾಯಿಸಿಕೊಂಡು ಕೂರುತ್ತದೆ. ಅದಕ್ಕಿಂತ ಜಾಲಕ್ಕೆ ಜೋಡಿಸಿದ ಸೋಲಾರ್ ಮೇಲು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ ಆರು ಮಂದಿ ರೈತರು ಸೋಲಾರ್ ಪಂಪಿನ ಸಹಕಾರ ಸಂಘ ಕಟ್ಟಿದರು. ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಒಂದೇ ಮೀಟರಿನ ಮೂಲಕ ಕಂಪನಿಗೆ ಮಾರಿ, ಒಳಗಿನ ಹಂಚಿಕೆಯನ್ನು ತಾವೇ ನೋಡಿಕೊಂಡರು. ಅವರಿಂದ ಕಲಿಯಬೇಕಾದದ್ದು ಆ ಒಂದು ಮೀಟರು ಮತ್ತು ಒಳಲೆಕ್ಕ.

ಮನೆಮನೆಯ ಚಾವಣಿಗೆ ನಾನು ಯಾಕೆ ಇನ್ನೂ ಬಂದಿಲ್ಲ ಎಂದರೆ, ಗೃಹಜ್ಯೋತಿಯಿಂದ ನಿಮ್ಮಲ್ಲಿ ಬಹುಪಾಲು ಮನೆಗಳ ಬಿಲ್ಲು ಈಗಾಗಲೇ ಸೊನ್ನೆಯಿರಬಹುದು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ ನಿಜ, ಆದರೆ ಉಳಿದ ಹಣವನ್ನು ಕೈಯಿಂದ ಹಾಕಿ ಸೊನ್ನೆಯ ಬಿಲ್ಲನ್ನು ಸೊನ್ನೆಯಾಗಿಯೇ ಉಳಿಸಿಕೊಳ್ಳಲು ಯಾರು ಮುಂದೆ ಬರುತ್ತಾರೆ? ಹೋಂಸ್ಟೇ ನಡೆಸುವವರು, ತಿಂಗಳಿಗೆ 200 ಯೂನಿಟ್ ದಾಟುವವರು ಅವಶ್ಯ ಹಾಕಿಸಿಕೊಳ್ಳಲಿ. ಊರಿನ ಪ್ರಯತ್ನವಾಗಿ ಮೊದಲು ಸಹಕಾರ ಸಂಘದ ಗೋದಾಮು, ಸಮುದಾಯ ಭವನ, ಪಂಚಾಯಿತಿಯ ಕುಡಿಯುವ ನೀರಿನ ಪಂಪ್‌ಹೌಸ್, ಈ ಮೂರರ ಮೇಲೆ ಹಾಕಿ. ಇವು ಬಿಲ್ಲು ಕಟ್ಟುವ ಮೀಟರುಗಳು, ಉಳಿದ ಹಣ ಕಣ್ಣಿಗೆ ಕಾಣುತ್ತದೆ. ಒಂದು ಮಾತು ಮಾತ್ರ: ಪ್ಯಾನೆಲ್ಲಿಗೆ ನೆರಳು ಬೀಳುತ್ತದೆಂದು ಮರ ಕಡಿಯಬೇಡಿ. ಮೈಸೂರು-ಕೋಝಿಕ್ಕೋಡ್ 400 ಕಿಲೋವೋಲ್ಟ್ ಮಾರ್ಗಕ್ಕೆ ಬಿದ್ದ ಸಾವಿರಾರು ಮರಗಳ ಸಂಕಟ ಇನ್ನೂ ಹಸಿಯಾಗಿರುವ ಜಿಲ್ಲೆಯಲ್ಲಿ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಹಿರಿಯರ ಮಾತು. ಅವರು ಹೇಳಿದ್ದು ಮಕ್ಕಳಾಟವೇನಲ್ಲ. ಜುಲೈನಲ್ಲಿ ಮರ ಬಿದ್ದು ತಂತಿ ಹರಿದರೆ, ಬ್ಯಾಟರಿಯಿಲ್ಲದ ಜಾಲ ಜೋಡಣೆಯ ಸೋಲಾರ್ ತಾನೂ ಕೆಲಸ ನಿಲ್ಲಿಸುತ್ತದೆ. ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಅದನ್ನು ಮಾಡಿರುವುದೇ ಹಾಗೆ. ಬ್ಯಾಟರಿ ಇಟ್ಟರೂ ಆ ತಿಂಗಳುಗಳಲ್ಲಿ ಪ್ಯಾನೆಲ್ ಕೊಡುವುದು ಬೇಸಿಗೆಯ ಅರ್ಧಕ್ಕೂ ಕಡಿಮೆ. ಆದರೆ ಬಿಸಿಲು ರಜೆ ಹಾಕಿದ ಆ ತಿಂಗಳುಗಳಲ್ಲೇ ನಿಮ್ಮ ತೋಡು ತುಂಬಿ ಹರಿಯುತ್ತದೆ. ಸಣ್ಣ ಟರ್ಬೈನಿನ ಬೆಲೆ ಇರುವುದು ಈ ಜೋಡಿಯಲ್ಲಿ.

ಲೆಕ್ಕ ಸುಲಭ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನೊಳಗೆ ಇಳಿದರೆ, ಅರ್ಧದಷ್ಟು ನಷ್ಟವಾಯಿತೆಂದುಕೊಂಡರೂ ಒಂದು ಕಿಲೋವಾಟ್ ಸಿಗುತ್ತದೆ. ಕಡಿಮೆ ಎನಿಸಬಹುದು. ಆದರೆ ಪ್ಯಾನೆಲ್ಲಿನಂತೆ ಅದು ಸಂಜೆ ಮನೆಗೆ ಹೋಗುವುದಿಲ್ಲ. ಹಗಲು ರಾತ್ರಿ ಐದು ತಿಂಗಳು ಓಡಿದರೆ 3,600 ಯೂನಿಟ್ ಆಯಿತು. ಅಷ್ಟನ್ನೂ ಡೀಸೆಲ್ ಜನರೇಟರಿನಿಂದ ಪಡೆಯಬೇಕಾದರೆ ಸಾವಿರ ಲೀಟರಿಗೂ ಹೆಚ್ಚು ಬೇಕು. ಒಂದು ಕಿಲೋವಾಟಿನಲ್ಲಿ ಹತ್ತು-ಹನ್ನೆರಡು ಮನೆಗಳ ಎಲ್‌ಇಡಿ ದೀಪ, ಮೊಬೈಲ್, ಒಂದೆರಡು ಫ್ರಿಜ್ ನಡೆಯುತ್ತವೆ. ಯಾರೂ ಬಳಸದ ಹೊತ್ತಿನಲ್ಲಿ ಟರ್ಬೈನ್ ಮಿತಿ ಮೀರಿ ತಿರುಗಬಾರದು, ಅದಕ್ಕಾಗಿ ಮಿಕ್ಕ ವಿದ್ಯುತ್ತನ್ನು ಒಂದು ಕಾಯಿಸುವ ಸುರುಳಿಗೆ ಹರಿಸುತ್ತಾರೆ. ಆ ಸುರುಳಿಯನ್ನು ಬಚ್ಚಲ ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಆಷಾಢದ ಕೊಡಗಿನಲ್ಲಿ ಬಿಸಿನೀರಿಗಿಂತ ಹೆಚ್ಚಿನ ಬೇಡಿಕೆ ಇನ್ನಾವುದಕ್ಕೂ ಇರುವುದಿಲ್ಲ.

ತೊಂದರೆಗಳೂ ಇವೆ. ಕಾಡಿನ ತೋಡಿನಲ್ಲಿ ಮಳೆಗಾಲದಲ್ಲಿ ಎಲೆ, ಕಡ್ಡಿ, ಮರಳು ಬಂದು ಪೈಪಿನ ಬಾಯಿಯ ಜಾಲರಿ ಮುಚ್ಚಿಹೋಗುತ್ತದೆ. ಸುರಿಯುವ ಮಳೆಯಲ್ಲಿ, ಜಿಗಣೆಯ ನಡುವೆ, ದಿನಕ್ಕೊಮ್ಮೆ ಯಾರೋ ಒಬ್ಬರು ಹೋಗಿ ಅದನ್ನು ಬಿಡಿಸಬೇಕು. ಆ ಯಾರೋ ಒಬ್ಬರು ಯಾರು ಎಂಬುದು ಹೆಸರು ಸಮೇತ ನಿಗದಿಯಾಗದಿದ್ದರೆ ಟರ್ಬೈನ್ ಕೊಳ್ಳಲೇಬೇಡಿ. ಮನೆಗೊಬ್ಬರಂತೆ ಸರದಿ ಹಾಕುವ ಬದಲು ಒಬ್ಬರಿಗೆ ಸಂಬಳ ಕೊಟ್ಟು ಜವಾಬ್ದಾರಿ ವಹಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ. ಸಿಡಿಲಿನಿಂದ ರಕ್ಷಣೆಗೆ ಗಟ್ಟಿಯಾದ ಅರ್ಥಿಂಗ್ ಬೇಕು. ಇಳಿಜಾರನ್ನು ಕಡಿದು ಕಾಲುವೆ ತೋಡಬೇಡಿ, ಪೈಪನ್ನೇ ನೆಲದ ಮೇಲೆ ಹಾಯಿಸಿ. ತೋಡು ಮೀಸಲು ಅರಣ್ಯದ ಅಥವಾ ದೇವರಕಾಡಿನ ಒಳಗಿದ್ದರೆ ಆ ಜಾಗವನ್ನು ಬಿಟ್ಟುಬಿಡಿ, ಕೆಳಗಿನ ಊರಿನವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಡಿಸೆಂಬರ್ ನಂತರ ಯಂತ್ರ ನಿಲ್ಲಿಸಿ ನೀರನ್ನು ತೋಡಿಗೇ ಬಿಡಿ.

ವಿದ್ಯುತ್ ಪಿಕ್‌ಅಪ್‌ನ ಯೋಚನೆ ನನಗೆ ಹಿಡಿಸಿತು. ರೈಲು ಇಲ್ಲದ ಜಿಲ್ಲೆ ನಮ್ಮದು, ಉಪ್ಪಿನಿಂದ ಗೊಬ್ಬರದವರೆಗೆ ಎಲ್ಲವೂ ಡೀಸೆಲ್ ಮೇಲೆಯೇ ಬೆಟ್ಟ ಹತ್ತಬೇಕು. ಬೆಟ್ಟದಲ್ಲಿ ವಿದ್ಯುತ್ ವಾಹನ ನಡೆಯುವುದಿಲ್ಲ ಎಂಬ ಅಂಜಿಕೆ ಬಹಳ ಜನರಲ್ಲಿದೆ. ಕಾಫಿಯ ಮಟ್ಟಿಗೆ ಪರಿಸ್ಥಿತಿ ಅದಕ್ಕೆ ವಿರುದ್ಧವಾಗಿದೆ. ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಸುಮಾರು 300 ಮೀಟರ್ ಇಳಿತ. ಕಾಫಿ ಚೀಲ ಹೇರಿದ ಗಾಡಿ ಆ ದಾರಿಯಲ್ಲಿ ಕ್ಯೂರಿಂಗ್ (ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ) ಕಾರ್ಖಾನೆಯ ಕಡೆಗೆ ಇಳಿಯುತ್ತದೆ, ಬಹುಮಟ್ಟಿಗೆ ಖಾಲಿಯಾಗಿ ಹತ್ತಿಬರುತ್ತದೆ. ಇಳಿಯುವಾಗ ಡೀಸೆಲ್ ಗಾಡಿ ಬ್ರೇಕ್ ಸವೆಸುತ್ತದೆ. ವಿದ್ಯುತ್ ಗಾಡಿ ಅದೇ ಇಳಿತದಲ್ಲಿ ಸ್ವಲ್ಪ ಚಾರ್ಜನ್ನು ವಾಪಸ್ ಪಡೆಯುತ್ತದೆ. ಆದರೂ ಗಾಡಿ ಕೊಳ್ಳುವುದಕ್ಕೆ ಮುಂಚೆ ಒಂದು ಕೊಯ್ಲಿನ ಕಾಲ ಈಗಿರುವ ಗಾಡಿಗಳನ್ನೇ ಹಂಚಿಕೊಂಡು ನೋಡಿ. ನಾಪೋಕ್ಲಿನಿಂದ ಮಡಿಕೇರಿಗೆ ಹೋಗಿಬರಲು ಒಂದು ಹಳೆಯ ಜೀಪಿಗೆ ನಾಲ್ಕು ಲೀಟರಾದರೂ ಬೇಕು. ಸಂತೆಯ ದಿನ ಅರ್ಧ ಖಾಲಿಯಾಗಿ ಹೊರಡುವ ಐದು ಗಾಡಿಗಳನ್ನು ಎರಡಕ್ಕೆ ಇಳಿಸಲು ಬೇಕಾಗುವುದು ಒಂದು ವಾಟ್ಸ್ಆ್ಯಪ್ ಗುಂಪು ಮತ್ತು ಗಂಟೆಗೆ ಸರಿಯಾಗಿ ಹೊರಡುವ ಶಿಸ್ತು. ಎರಡನೆಯದು ಸಿಕ್ಕದಿದ್ದರೆ ಸ್ವಂತ ಗಾಡಿಯಿದ್ದೂ ಪ್ರಯೋಜನವಿಲ್ಲ.

ಗೋಬರ್ ಗ್ಯಾಸಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಎರಡು ಘನಮೀಟರ್‌ನ ಸ್ಥಾವರಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು, ದನ ಕಟ್ಟುವವರೇ ಕಡಿಮೆಯಾಗಿರುವ ಊರಿನಲ್ಲಿ ಎಲ್ಲರಿಗೂ ಅದು ಹೊಂದದು. ಹಂದಿ ಸಾಕಣೆಯವರಿಗೆ, ದಿನವೂ ಅಡುಗೆಮನೆಯ ತ್ಯಾಜ್ಯ ಬರುವ ಹೋಂಸ್ಟೇಗಳಿಗೆ ಚೆನ್ನಾಗಿ ಹೊಂದುತ್ತದೆ. ಚಳಿಯಲ್ಲಿ ಗ್ಯಾಸ್ ಇಳಿಯುವುದು ಸಹಜ, ಕೆಟ್ಟುಹೋಯಿತೆಂದು ಕೈಬಿಡಬೇಡಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿನ ಹುಳಿನೀರಿನಿಂದಲೂ ಗ್ಯಾಸ್ ತೆಗೆಯಬಹುದು. ಅದು ಕೊಯ್ಲಿನ ಎರಡು ತಿಂಗಳ ಮಾತು, ಸುಣ್ಣ ಹಾಕಿ ಹುಳಿ ತಗ್ಗಿಸುವ ಕೆಲಸವೂ ಇದೆ. ಪಲ್ಪರ್ ಇರುವ ದೊಡ್ಡ ತೋಟಗಳಿಗೆ ಅದನ್ನು ಬಿಡಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯ ಉಳಿದಿದೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. 45 ಕೆ.ಜಿ.ಯ ಒಂದು ಚೀಲದ ಹಿಂದೆ ಸುಮಾರು 30 ಲೀಟರ್ ಡೀಸೆಲಿನಷ್ಟು ಶಕ್ತಿ ಖರ್ಚಾಗಿರುತ್ತದೆ. ಬೇಸಿಗೆಯಲ್ಲಿ ಒಂದು ಎಕರೆಗೆ ಎರಡು ಸುತ್ತು ನೀರು ಕೊಟ್ಟಷ್ಟೇ ಆಯಿತು. ಮಣ್ಣು ಪರೀಕ್ಷೆ ಮಾಡಿಸದೆ ಪಕ್ಕದ ತೋಟದವರು ಹಾಕಿದರೆಂದು ಹಾಕಿದ ಪ್ರತಿ ಚೀಲವೂ ಈ ಲೆಕ್ಕಕ್ಕೆ ಸೇರುತ್ತದೆ. ಊರಿನ ಎಲ್ಲ ತೋಟಗಳ ಮಣ್ಣನ್ನು ಒಂದೇ ವಾರದಲ್ಲಿ ತೆಗೆದು ಒಟ್ಟಿಗೆ ಪರೀಕ್ಷೆಗೆ ಒಯ್ಯಿರಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಎರಡೂ ನಿಮಗೆ ದೂರವಲ್ಲ. ಕಾಫಿ ಸಿಪ್ಪೆಯನ್ನು ಒಟ್ಟಾಗಿ ಕೊಳೆಸಿ ಗೊಬ್ಬರ ಮಾಡುವುದನ್ನೂ ಇದರ ಜೊತೆಗೇ ಯೋಚಿಸಿ.

ಹಣದ ವಿಚಾರದಲ್ಲಿ ಒಂದೇ ಮಾತು. ಪಾಲನ್ನು ಮನೆಗಿಷ್ಟು ಎಂದು ಹಾಕಬೇಡಿ, ಎಕರೆಗಿಷ್ಟು ಎಂದು ಹಾಕಿ. ಹದಿನೈದು ಎಕರೆಯವರೂ ಐದು ಎಕರೆಯವರೂ ಸಮನಾಗಿ ಕೊಟ್ಟರೆ ಚಿಕ್ಕವರು ದೊಡ್ಡವರ ಡೀಸೆಲ್ ಉಳಿಸಿಕೊಟ್ಟಂತಾಗುತ್ತದೆ. ದುರಸ್ತಿಗೆಂದು ಪ್ರತಿ ವರ್ಷ ಒಂದು ಭಾಗ ಪ್ರತ್ಯೇಕ ಖಾತೆಗೆ ಹೋಗಲಿ. ಸರ್ಕಾರದ ಸಹಾಯಧನದಲ್ಲಿ ಬಂದು ಒಂದು ಬೇರಿಂಗಿಗೆ ದುಡ್ಡಿಲ್ಲದೆ ತುಕ್ಕು ಹಿಡಿದ ಯಂತ್ರಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಹೊಸ ಸಂಘ ನೋಂದಾಯಿಸುವ ಅವಸರವೂ ಬೇಡ. ಪೈಪಿನ ಸೆಟ್ಟಿಗೆ ಇರುವ ಸಹಕಾರ ಸಂಘವೇ ಸಾಕು. ಟರ್ಬೈನ್ ಅಥವಾ ಗಾಡಿ ಕೊಳ್ಳುವ ಹಂತ ಬಂದಾಗ ಮಾತ್ರ ಬೇರೆ ಸಂಘದ ಪ್ರಶ್ನೆ ಏಳುತ್ತದೆ.

ಈ ವರ್ಷಕ್ಕೆ ಎರಡು ಕೆಲಸ ಇಟ್ಟುಕೊಳ್ಳಿ. ಪ್ರತಿ ಮನೆಯಲ್ಲೂ ಒಂದು ಪುಸ್ತಕದಲ್ಲಿ ಡೀಸೆಲ್, ಪೆಟ್ರೋಲ್, ಸಿಲಿಂಡರ್, ಯೂರಿಯಾ ಕೊಂಡ ದಿನ ಮತ್ತು ಪ್ರಮಾಣ ಬರೆದಿಡಲಿ. ತೋಡಿನ ನೀರನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ಅಳೆಯಿರಿ. ನೀರು ಕಡಿಮೆಯಿದ್ದಾಗ ಒಂದು ಪೈಪಿಗೆ ಹರಿಸಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತೆಂದು ನೋಡಿದರೆ ಸಾಕು. ಎತ್ತರ ಅಳೆಯಲು ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಸಾಲುತ್ತದೆ. ಆ ಮೂರು ಅಳತೆ ಮತ್ತು ಎತ್ತರವನ್ನು ಬರೆದು ಕಳಿಸಿ, ಟರ್ಬೈನಿನ ಗಾತ್ರವನ್ನು ಅದರ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಮುಂಗಡ ಕೊಡಬೇಡಿ.